ಕಿವಿಗೆ ಕೇಳದ ಗುಡುಗು

ಹುಣಸೆದೊಡ್ಡಿಯ ಗಿರಿಜಾಂಬ ಯಾವುದಕ್ಕೆಲ್ಲ ಹೆದರುತ್ತಾಳೆ ಎಂದು ಕೇಳಬೇಡಿ, ಹೇಳುತ್ತಾ ಕೂತರೆ ಹೊತ್ತು ಮುಳುಗಿಹೋಗುತ್ತದೆ. ಹಲ್ಲಿ ಲೊಚಗುಟ್ಟಿದರೆ ಹೆದರಿಕೆ. ಕುಕ್ಕರ್ ಸೀಟಿ ಹೊಡೆಯದಿದ್ದರೆ ಹೆದರಿಕೆ, ಹೊಡೆದರೆ ಇನ್ನೂ ಹೆದರಿಕೆ. ಮದುವೆಯಾಗಿ ಬಂದ ಹೊಸದರಲ್ಲಿ ಬಾವಿಗೆ ಬಿಂದಿಗೆ ಇಳಿಬಿಟ್ಟು, ಒಳಗಿನಿಂದ ತನ್ನದೇ ದನಿ ತಿರುಗಿ ಬಂದದ್ದಕ್ಕೆ ಹಗ್ಗ ಸಮೇತ ಕೈಬಿಟ್ಟು ಓಡಿ ಬಂದವಳು. ಆ ಬಿಂದಿಗೆ ಇನ್ನೂ ತಳದಲ್ಲೇ ಇದೆ, ಬೇಕಾದವರು ಇಳಿದು ನೋಡಿ ಎಂದು ಪಕ್ಕದ ಮನೆಯ ಲಕ್ಷ್ಮಯ್ಯ ಮೂವತ್ತು ವರ್ಷದಿಂದ ಆಡಿಕೊಳ್ಳುತ್ತಿದ್ದ. ಹೆದರೋರ ಮೇಲೆ ಕಪ್ಪೆ ಎಸೆಯುವುದೆಂದರೆ ಊರಿಗೆಲ್ಲ ಖುಷಿ ತಾನೆ.

ಹುಣಸೆದೊಡ್ಡಿ ಚನ್ನಪಟ್ಟಣ ತಾಲೂಕಿನ ಕೊನೆಯಲ್ಲಿ, ಕನಕಪುರದ ಕಡೆಯ ಗುಡ್ಡಗಳ ಬುಡದಲ್ಲಿದೆ. ಬಸ್ಸು ದಿನಕ್ಕೆ ನಾಲ್ಕು ಸಲ ಬರುತ್ತದೆ. ಊರು ಮುಗಿದಲ್ಲಿ ರೇಷ್ಮೆ ಸೊಪ್ಪಿನ ತೋಟಗಳು, ಅವು ಮುಗಿದಲ್ಲಿ ಒಂದು ಹಳ್ಳ, ಹಳ್ಳದ ಆಚೆ ಕಾಡು. ಗಿರಿಜಾಂಬಳ ಗಂಡ ಚನ್ನಬಸವಯ್ಯನ ತೋಟ ಹಳ್ಳಕ್ಕೆ ಅಂಟಿಕೊಂಡೇ ಇದೆ. ಮನೆಯ ಹಿಂದೆ ಉದ್ದನೆಯ ಶೀಟಿನ ರೇಷ್ಮೆ ಹುಳದ ಮನೆ. ಅಲ್ಲಿ ಮಾತ್ರ ಗಿರಿಜಾಂಬಳ ಹೆದರಿಕೆಗೆ ಬೆಲೆಯಿತ್ತು. ಯಾರೋ ಚಪ್ಪಲಿ ಹಾಕಿಕೊಂಡು ಬಂದುಬಿಟ್ಟಾರು, ಯಾರೋ ಬೀಡಿ ಸೇದಿದ ಕೈಯಲ್ಲಿ ಸೊಪ್ಪು ಮುಟ್ಟಿಯಾರು ಎಂದು ಬಾಗಿಲಲ್ಲೇ ಕಾಯುತ್ತಿದ್ದವಳ ಕೈಯಲ್ಲಿ ಹುಳ ಸತ್ತದ್ದು ಕಡಿಮೆ.

ಈ ಚಿಲ್ಲರೆ ಹೆದರಿಕೆಗಳ ನಡುವೆ ಬೇರೆ ಜಾತಿಯದೊಂದಿತ್ತು. ಕೆಲವು ದಿನ ಇದ್ದಕ್ಕಿದ್ದಂತೆ ಅವಳ ಎದೆಯ ಮೂಳೆಯೊಳಗೆ ಏನೋ ಗುಮ್ಮೆಂದು ಅದುರುತ್ತಿತ್ತು. ಸದ್ದಿಲ್ಲ, ನೋವಿಲ್ಲ. ಅದುರುವುದು, ನಿಲ್ಲುವುದು, ಮತ್ತೆ ಅದುರುವುದು. ಅದರ ಬೆನ್ನಿಗೇ ಕೈಕಾಲು ತಣ್ಣಗಾಗಿ, ಬಾಯಿ ಒಣಗಿ, ಎಲ್ಲಾದರೂ ಒಳಗೆ ಹೋಗಿ ಬಾಗಿಲು ಹಾಕಿಕೊಂಡುಬಿಡಬೇಕು ಅನ್ನಿಸುವಷ್ಟು ಭಯ. ತವರಾದ ಬೈರಾಪಟ್ಟಣದಲ್ಲಿ ಒಂದು ದಿನವೂ ಹಾಗಾಗಿರಲಿಲ್ಲ. ಇಲ್ಲಿಗೆ ಬಂದ ಮೇಲೆ ಶುರುವಾದದ್ದರಿಂದ ಅತ್ತೆ, ಹಳ್ಳದ ಗಾಳಿ ಸೋಕಿದೆ ಎಂದು ಮಾಗಡಿ ಕಡೆಯ ಯಾರೋ ಅಯ್ಯನವರಿಂದ ತಾಯತ ತರಿಸಿ ಕಟ್ಟಿದರು. ತಾಯತ ಸವೆಯಿತು, ಅದುರುವುದು ನಿಲ್ಲಲಿಲ್ಲ. ಚನ್ನಪಟ್ಟಣದಲ್ಲಿ ಒಬ್ಬ ಡಾಕ್ಟರು ಎದೆಗೆಲ್ಲ ತಂತಿ ಅಂಟಿಸಿ ಪರೀಕ್ಷೆ ಮಾಡಿ, "ಹಾರ್ಟ್ ಕಲ್ಲುಗುಂಡಿನ ಹಾಗಿದೆಯಮ್ಮ, ಇದು ಗ್ಯಾಸ್ಟ್ರಿಕ್" ಎಂದರು. ಅಂದಿನಿಂದ ಎದೆ ಅದುರಿದಾಗಲೆಲ್ಲ ಅವಳು ಗ್ಯಾಸ್ ಮಾತ್ರೆ ನುಂಗಿ, ಸೆರಗು ಹೊದ್ದು ಮಲಗುತ್ತಿದ್ದಳು.

ಆನೆಗಳು ಮೊದಲು ಅಪರೂಪಕ್ಕೆ ಹಳ್ಳ ದಾಟುತ್ತಿದ್ದವು. ಈಚೆಗೆ ಹತ್ತು ವರ್ಷದಿಂದ ಅವು ನೆಂಟರಿಗಿಂತ ಹೆಚ್ಚು ಬರತೊಡಗಿವೆ. ಹೋದ ವರ್ಷ ರಾಗಿ ಕುಯ್ಲಿನ ಕಾಲದಲ್ಲಿ, ಬೆಳಗಿನ ಏಳು ಗಂಟೆಗೆ, ಲಕ್ಷ್ಮಯ್ಯನ ಅತ್ತಿಗೆ ದೊಡ್ಡಲಕ್ಷ್ಮಮ್ಮ ಹೊಲದ ಬದುವಿನಲ್ಲಿ ಆನೆಯ ಕಾಲಿಗೆ ಸಿಕ್ಕಿ ಸತ್ತಳು. ಗಿರಿಜಾಂಬಳಿಗೆ ಅವಳು ಒಡಹುಟ್ಟಿದವಳ ಹಾಗಿದ್ದಳು. ಊರಲ್ಲಿ ಗಿರಿಜಾಂಬಳ ಹೆದರಿಕೆಗೆ ನಗದಿದ್ದ ಹೆಂಗಸು ಅವಳೊಬ್ಬಳೇ.

ಇನ್ನು ಪದ್ಯದ ವಿಷಯ. ಮಗಳು ರಕ್ಷಿತಾ ರಾಮನಗರದಲ್ಲಿ ಬಿ.ಎಡ್ ಓದುತ್ತಿದ್ದಳು. ಕನ್ನಡ ಮೇಡಂ ಆಗಬೇಕೆಂದು ಅವಳ ಹಟ. ಚನ್ನಪಟ್ಟಣದ ಒಂದು ಹೈಸ್ಕೂಲಿನಲ್ಲಿ ಅವಳು ಪಾಠ ಮಾಡಿ ತೋರಿಸಬೇಕಿತ್ತು. ಸಿಕ್ಕಿದ್ದು ಒಂದು ಹಳೆಯ ಷಟ್ಪದಿ: ಅರಸನ ಪಂಡಿತನೊಬ್ಬ ಆನೆಯ ಶಾಸ್ತ್ರ ಬರೆಯಲು ಹಗ್ಗ, ಓಲೆಗರಿ ಹಿಡಿದು ಕಾಡಿಗೆ ಹೋಗುವ ಕಥೆ. ಪಾಠದ ಹಿಂದಿನ ಮಧ್ಯಾಹ್ನ ಅವಳು ಮನೆಯ ಜಗಲಿಯ ಮೇಲೆ ಚಾರ್ಟು ಹರಡಿಕೊಂಡು, ಎದುರಿಗೆ ಮೂವತ್ತು ಮಕ್ಕಳು ಕೂತಿದ್ದಾರೆ ಎಂಬಂತೆ ಗಟ್ಟಿಯಾಗಿ ಓದುತ್ತಿದ್ದಳು. ಗಿರಿಜಾಂಬ ಪಕ್ಕದಲ್ಲಿ ಹುಳ ಗೂಡು ಕಟ್ಟುವ ಚಂದ್ರಿಕೆಗಳನ್ನು ಒರೆಸುತ್ತಾ ಕೂತಿದ್ದಳು.

"ಹೆಜ್ಜೆ ಸುತ್ತಿದ ಹಗ್ಗವೆರಡನು..." ಎಂದು ಮಗಳು ತಡವರಿಸಿದಾಗ, ತಾಯಿ ಬಟ್ಟೆ ಹಿಂಡುತ್ತಲೇ ಮುಂದಿನ ಸಾಲು ಹೇಳಿದಳು: "ಸಜ್ಜುಗೊಳಿಸಲದಾನೆಯೆತ್ತರ."

ರಕ್ಷಿತಾ ಬಾಯಿ ತೆರೆದಳು. "ಅಮ್ಮಾ! ನಿಂಗ್ ಬತ್ತದಾ ಇದು?"

"ಬರ್ದೆ ಏನು? ಏಳನೇ ಕ್ಲಾಸ್ನಾಗೆ ದೊಡ್ಡಹನುಮಯ್ಯ ಮೇಷ್ಟ್ರು ಬೆತ್ತ ಹಿಡ್ಕೊಂಡು ಹೇಳ್ಕೊಟ್ಟವ್ರೆ. ಒಂದಕ್ಷರ ತಪ್ಪುದ್ರೆ ಅಂಗೈ ಊದ್ಕೊಳ್ಳೋದು. ಸತ್ರೂ ಮರೆಯಾಕಿಲ್ಲ ಬುಡು."

"ಅರ್ಥ ಏನಂದಿದ್ರು ಮೇಷ್ಟ್ರು?"

"ಅರ್ಥ ಕೇಳೋ ಧೈರ್ಯ ಯಾರ್ಗಿತ್ತು ಕಣವ್ವ?"

ಅಷ್ಟರಲ್ಲಿ ಅರಣ್ಯ ಇಲಾಖೆಯ ಆನೆ ಕಾವಲು ಪಡೆಯ ಆಫ್ತಾಬ್ ಬೈಕು ನಿಲ್ಲಿಸಿ ಒಳಗೆ ಬಂದ. ಚನ್ನಪಟ್ಟಣದವನು, ಆರು ವರ್ಷದಿಂದ ಈ ಗುಡ್ಡಗಳನ್ನು ತುಳಿಯುತ್ತಿದ್ದವನು. ಬೆಳಿಗ್ಗೆ ಇವರ ನೀರಿನ ತೊಟ್ಟಿಯ ಹತ್ತಿರ ಕೆಸರಿನಲ್ಲಿ ಆನೆಯ ಹೆಜ್ಜೆ ಬಿದ್ದಿತ್ತು, ಅದನ್ನು ನೋಡಲು ಬಂದಿದ್ದ. ಹಳ್ಳದ ಆಚೆಬದಿಗೆ ಆರು ಆನೆಗಳ ಗುಂಪೊಂದು ಇಳಿದಿದೆ ಎಂದು ಹೇಳಿ, ರಕ್ಷಿತಾಳ ಓದು ಕೇಳುತ್ತಾ ನಿಂತವನು ನಕ್ಕುಬಿಟ್ಟ.

"ಮೇಡಂ, ಇದು ನಮ್ ಟ್ರೇನಿಂಗ್‌ನಾಗೆ ಹೇಳ್ಕೊಟ್ಟದ್ದು! ಯಾವ ಕಾಲದ್ದು ಈ ಪದ್ಯ?"

ಜೇಬಿನಿಂದ ಹಗ್ಗ ತೆಗೆದು ಕೆಸರಿನಲ್ಲಿದ್ದ ಮುಂಗಾಲಿನ ಹೆಜ್ಜೆಯ ಸುತ್ತ ಹಾಸಿದ. ಸುತ್ತಳತೆಯ ಎರಡು ಪಟ್ಟು ಹಿಡಿದು, ಒಂದು ತುದಿಯನ್ನು ಹುಳದ ಮನೆಯ ಗೋಡೆಯ ಬುಡಕ್ಕೆ ಒತ್ತಿ, ಇನ್ನೊಂದನ್ನು ಮೇಲಕ್ಕೆ ಎತ್ತಿದ. ಹಗ್ಗ ಕಿಟಕಿ ದಾಟಿತು, ಬಾಗಿಲ ಪಟ್ಟಿ ದಾಟಿತು, ಶೀಟಿನ ಅಂಚಿಗೆ ಮುಟ್ಟಿತು. ಬಿಳಿ ಗೋಡೆಯ ಮುಂದೆ ಏನೂ ಇರಲಿಲ್ಲ, ಬರೀ ಒಂದು ಹಗ್ಗ. ಆದರೂ ಗಿರಿಜಾಂಬ ಜಗಲಿಯ ಮೇಲೆ ಎರಡು ಮೊಳ ಹಿಂದಕ್ಕೆ ಸರಿದಳು.

"ಹೆಗಲು ಇಷ್ಟೆತ್ತರ ಇತ್ತದೆ," ಎಂದ ಆಫ್ತಾಬ್. "ಲೆಕ್ಕ ತಪ್ಪಲ್ಲ. ಮುಂದಕ್ಕೆ ಓದಿ ಮೇಡಂ."

ರಕ್ಷಿತಾ ಉಬ್ಬಿಹೋಗಿ, ಹಗ್ಗದಿಂದ ಅಳೆಯಲಾಗದ್ದನ್ನು ಪಂಡಿತ ಕಂಡುಕೊಳ್ಳುವ ಜಾಗವನ್ನು ರಾಗವಾಗಿ ಓದಿದಳು:

"ಕಿವಿಗೆ ಕೇಳದ ಗುಡುಗದೊಂದಿದೆ
ತವಕದೆದೆಯದನರಿತುಕೊಳುವುದು
ಕವಿದ ಕಾಡಿನ ನಡುವೆ ನಿಂತರೆ ಭಯವೆ ಬಲ್ಲುದು ಕೇಳ್"

"ಇದು ಕವಿಕಲ್ಪನೆ," ಎಂದು ವಿವರಿಸಿದಳು. "ಗುಡುಗು ಅಂದ್ರೆ ನಿಜವಾದ ಗುಡುಗಲ್ಲ, ಪ್ರಕೃತಿಯ ಮಹಿಮೆ. ಪಂಡಿತನ ಅಹಂಕಾರ ಇಳೀತು ಅಂತ ತಾತ್ಪರ್ಯ. ಗೈಡಿನಲ್ಲೂ ಹಂಗೇ ಐತೆ."

ಆಫ್ತಾಬ್ ಈ ಸಲ ನಗಲಿಲ್ಲ. ಹಗ್ಗ ಸುತ್ತಿ ಜೇಬಿಗೆ ಹಾಕಿಕೊಂಡ.

"ಇಲ್ಲ ಮೇಡಂ. ಅದೂ ನಿಜವೇ. ಆನೆ ಘೀಳಿಡೋದು ನಮ್ಗೆ ಕೇಳ್ತದೆ. ಆದ್ರೆ ಅವು ದೂರದೂರ ಮಾತಾಡೋದು ಬ್ಯಾರೆ ದನಿನಾಗೆ. ಅಷ್ಟು ತಗ್ಗಿನ ದನಿ ಮನುಷ್ಯರ ಕಿವಿಗೆ ಸಿಗಾಕಿಲ್ಲ. ಮಿಷಿನ್ ಇಟ್ಟು ಹಿಡೀತಾರೆ ಈಗ. ಡಿಜೆ ಬಾಕ್ಸ್ ಮುಂದೆ ನಿಂತ್ರೆ ಎದೆ ಅದುರ್ತದಲ್ವಾ? ಹತ್ರದಲ್ಲಿದ್ರೆ ಕೆಲವ್ರಿಗೆ ಅಂಗೇ ಅದುರ್ತದೆ, ಸದ್ದಿಲ್ದೆ. ನಮ್ ಹದಿನಾಲ್ಕು ಜನದಾಗೆ ಒಬ್ಬನಿಗೆ ಆಯ್ತದೆ. ನಂಗೆ ಆಗಲ್ಲ. ಅವನು ನಿಂತ್ಕೊಳ್ರೋ ಅಂದ್ರೆ ನಾವು ಉಸಿರು ಬುಡಲ್ಲ."

ಗಿರಿಜಾಂಬಳ ಕೈಯಲ್ಲಿದ್ದ ಒದ್ದೆ ಬಟ್ಟೆ ಹಾಗೇ ನಿಂತಿತು.

"ಯಾವಾಗ್ಲೂ ಆಯ್ತದಾ ಅದು, ಅವ್ನಿಗೆ?" ಎಂದು ಕೇಳಿದಳು. ದನಿ ತನ್ನದೇ ಎಂದು ಅವಳಿಗೆ ಅನ್ನಿಸಲಿಲ್ಲ.

"ಇಲ್ಲ ಅಮ್ಮ. ಆನೆ ಮಾತಾಡುದ್ರೆ ತಾನೇ? ಸುಮ್ನೆ ನಿಂತಿದ್ರೆ ಏನ್ ಗೊತ್ತಾಯ್ತದೆ? ಅದ್ಕೇ ಹೇಳೋದು, ಹತ್ರ ಕಂಡ್ರೆ ಕೂಗ್ಬೇಡಿ, ಓಡ್ಬೇಡಿ, ಬೆನ್ನು ತಿರುಗುಸ್ಬೇಡಿ. ಮುಖ ಅದ್ರ ಕಡೆಗೇ ಇಟ್ಕೊಂಡು ನಿಧಾನಕ್ಕೆ ಹಿಂದಕ್ ಬನ್ನಿ. ಕಿವಿ ಬೀಸ್ತಿದ್ರೆ ಒಸಿ ಪರವಾಗಿಲ್ಲ, ಕಿವಿ ಅಗಲ ಮಾಡಿ ನಿಲ್ಲುಸ್ತು ಅಂದ್ರೆ ನಿಮ್ಮೇಲೇ ಗಮನ ಅಂತ."

ಆಫ್ತಾಬ್ ಹೊರಟುಹೋದ. ರಕ್ಷಿತಾ ಚಾರ್ಟಿನ ಕಡೆ ನೋಡುತ್ತಾ, "ಗೈಡಿನಲ್ಲಿ ಇಲ್ದಿದ್ದನ್ನ ಹೇಳುದ್ರೆ ಮಾರ್ಕ್ಸ್ ಹೋಗ್ತವೆ," ಎಂದು ಗೊಣಗಿ ಕವಿಕಲ್ಪನೆಯನ್ನು ಹಾಗೇ ಉಳಿಸಿಕೊಂಡಳು. ಗಿರಿಜಾಂಬ ಮಾತ್ರ ಎದ್ದು ಹುಳದ ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮೂವತ್ತು ವರ್ಷದ ಗಾಳಿ, ತಾಯತ, ಗ್ಯಾಸ್ ಮಾತ್ರೆ ಎಲ್ಲ ಒಟ್ಟಿಗೆ ಬಂದು ಅವಳ ಮುಂದೆ ನಿಂತವು. ಇದು ರೋಗವಲ್ಲ ಎಂದು ತಿಳಿದದ್ದಕ್ಕೆ ಅವಳಿಗೆ ಸಮಾಧಾನವಾಗಬೇಕಿತ್ತು. ಆದದ್ದು ಅದಲ್ಲ. ನೆನಪಾದದ್ದು ದೊಡ್ಡಲಕ್ಷ್ಮಮ್ಮ ಸತ್ತ ಬೆಳಗು. ಅಂದೂ ಎದೆ ಗುಮ್ಮೆಂದಿತ್ತು. ದೊಡ್ಡಲಕ್ಷ್ಮಮ್ಮ ಕುಡುಗೋಲು ಹಿಡಿದು ಇದೇ ಜಗಲಿಯ ಮುಂದೆ ಹಾದುಹೋಗುತ್ತಾ, "ಬತ್ತಿಯೇನೇ ಗಿರಿಜಾ?" ಎಂದು ಕೇಳಿದ್ದಳು. ಎದುರಿಗೆ ಲಕ್ಷ್ಮಯ್ಯ ಹಲ್ಲುಜ್ಜುತ್ತಾ ನಿಂತಿದ್ದ. ಹೋಗಬೇಡ, ನನಗೆ ಯಾಕೋ ಹೆದರಿಕೆಯಾಗುತ್ತಿದೆ ಎನ್ನಬೇಕು ಅನ್ನಿಸಿತ್ತು. ಅಂದರೆ ಅವನು ನಗುತ್ತಾನಲ್ಲ! "ನೀ ನಡಿ, ಆಮೇಕೆ ಬತ್ತೀನಿ," ಎಂದು ಮಾತ್ರೆ ನುಂಗಿ ಮಲಗಿದ್ದಳು. ಅಯ್ಯೋ ಶಿವನೇ, ಎಂದು ಗಿರಿಜಾಂಬ ಹುಳದ ತಟ್ಟೆಗಳ ನಡುವೆ ನೆಲಕ್ಕೆ ಕುಸಿದು, ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ಯಾರಿಗೂ ಹೇಳಲಿಲ್ಲ. ಹೇಳುವುದಾದರೂ ಏನನ್ನು?

ಮಾರನೆಯ ಬೆಳಿಗ್ಗೆ ಹಳ್ಳದ ಮೇಲೆಲ್ಲ ಮಂಜು. ಆರೂಕಾಲಿಗೆ ಊರಿನ ವಾಟ್ಸಾಪ್ ಆನೆ ಗ್ರೂಪಿನಲ್ಲಿ ಮೆಸೇಜು ಬಂತು: ರಾತ್ರಿ ಈಚೆ ಬಂದಿದ್ದ ಆನೆಗಳನ್ನು ಪಟಾಕಿ ಹೊಡೆದು ಓಡಿಸಲಾಗಿದೆ, ಆರೂ ಆನೆಗಳು ಹಳ್ಳ ದಾಟಿ ಕಾಡು ಸೇರಿವೆ, ಜನ ತೋಟಗಳಿಗೆ ಹೋಗಬಹುದು. ಹುಳಗಳು ನಾಲ್ಕನೇ ಜ್ವರ ಎದ್ದು, ಎಂದರೆ ನಾಲ್ಕನೇ ಸಲ ಪೊರೆ ಬಿಟ್ಟು, ಐದು ದಿನವಾಗಿತ್ತು. ಹುಳ ಎಲ್ಲಕ್ಕಿಂತ ಹೆಚ್ಚು ತಿನ್ನುವ ಕಾಲ ಅದು, ಒಂದು ಹೊತ್ತು ಸೊಪ್ಪು ತಪ್ಪಿದರೂ ಗೂಡು ಸೊರಗುತ್ತದೆ. "ಬಸ್ಸಿಗೆ ಇನ್ನೂ ಹೊತ್ತೈತೆ, ಒಂದು ಹೊರೆ ಕುಯ್ದಾಕಿ ಬತ್ತೀನಿ," ಎಂದು ರಕ್ಷಿತಾ ಫೋನು ಚಾರ್ಜಿಗೆ ಹಾಕಿ, ಕುಡುಗೋಲು ಹಿಡಿದು ತೋಟಕ್ಕೆ ಹೋದಳು. ದಾರಿಯುದ್ದಕ್ಕೂ ಪಾಠ ಒಪ್ಪಿಸುತ್ತಾ ಹೋದದ್ದು ಮನೆಯವರೆಗೂ ಕೇಳುತ್ತಿತ್ತು.

ಗಿರಿಜಾಂಬ ಹುಳದ ಮನೆಯಲ್ಲಿ ಕೊನೆಯ ಬುಟ್ಟಿ ಸೊಪ್ಪು ಹಾಕುತ್ತಿದ್ದಳು. ಸಾವಿರಾರು ಹುಳಗಳು ಸೊಪ್ಪು ಮೇಯುವ ಸದ್ದು ಶೀಟಿನ ಮೇಲೆ ಸಣ್ಣ ಮಳೆ ಬಿದ್ದಂತೆ ತುಂಬಿಕೊಂಡಿತ್ತು. ಆ ಸದ್ದಿನ ಅಡಿಯಲ್ಲಿ, ಅವಳ ಎದೆಯ ಮೂಳೆಯೊಳಗೆ, ಅದು ಶುರುವಾಯಿತು.

ಗುಮ್ಮ್. ನಿಂತಿತು. ಗುಮ್ಮ್.

ಬುಟ್ಟಿ ಕೈಜಾರಿತು. ಗಂಡ ಹೊರಗೆ ಸುಣ್ಣ ಕಲಸುತ್ತಿದ್ದ.

"ರೀ, ಅದುರ್ತೈತೆ. ಮಗೀನ ಕರೀರಿ. ಆನೆ ಐತೆ ಅಲ್ಲಿ."

"ಆರೂ ದಾಟವೆ ಅಂತ ಮೆಸೇಜ್ ಹಾಕವ್ರೆ ಕಣಮ್ಮಿ," ಎಂದ ಚನ್ನಬಸವಯ್ಯ, ತಲೆ ಎತ್ತದೆ. "ಮಾತ್ರೆ ನುಂಗಿ ಒಂಗಳಿಗೆ ಮಲೀಕೋ. ದಿನಾ ಇದ್ದದ್ದೇಯ ನಿಂದು."

ಅವಳು ಮಾತ್ರೆಯ ಡಬ್ಬಿಯ ಕಡೆ ನೋಡಿದಳು. ನಿಜ ಹೇಳಬೇಕೆಂದರೆ ಒಂದು ಗಳಿಗೆ ಅವಳಿಗೆ ಆಸೆಯೇ ಆಯಿತು. ಮಾತ್ರೆ ನುಂಗಿ, ಹೊದ್ದು ಮಲಗಿಬಿಟ್ಟರೆ ಎಷ್ಟು ಸುಖ! ಅವರ ಮಾತೇ ಸರಿಯಿರಬಹುದು. ಎಣಿಸಿದವರು ಎಣಿಸಿದ್ದಾರೆ. ಗುಮ್ಮ್ ಎಂದು ಎದೆ ಮತ್ತೆ ಅದುರಿತು. ಗಿರಿಜಾಂಬ ಚಪ್ಪಲಿಯನ್ನೂ ಮೆಟ್ಟದೆ ತೋಟದ ಕಡೆ ಓಡಿದಳು.

ಲಕ್ಷ್ಮಯ್ಯ ತನ್ನ ಹಟ್ಟಿಯ ಮುಂದೆ ದನ ಕಟ್ಟುತ್ತಿದ್ದ. "ಏನ್ ಗಿರಿಜಕ್ಕ, ಹಲ್ಲಿ ಏನಾರ ಅಟ್ಟಿಸ್ಕೊಂಡ್ ಬಂತಾ?"

"ಆಫ್ತಾಬಂಗೆ ಫೋನ್ ಮಾಡಪ್ಪ," ಎಂದಳು, ನಿಲ್ಲದೆ. "ನಮ್ ತೋಟದಾಗೆ ಆನೆ ಐತೆ ಅನ್ನು. ನನ್ ಮಗಳು ಒಳಗವ್ಳೆ."

ಅವಳ ಮುಖದಲ್ಲಿ ಅವನು ಏನು ಕಂಡನೋ, ಹಗ್ಗ ಬಿಟ್ಟು ಫೋನು ತೆಗೆದ.

ಸೊಪ್ಪಿನ ಗಿಡ ಆಳೆತ್ತರ ಬೆಳೆದು ನಿಂತಿತ್ತು. ಮಂಜಿನಲ್ಲಿ ಎರಡು ಸಾಲಿನ ಆಚೆ ಏನೂ ಕಾಣದು. ಒಳಗಿನಿಂದ ರಕ್ಷಿತಾಳ ದನಿ ತೇಲಿಬರುತ್ತಿತ್ತು, "ಹೆಜ್ಜೆ ಸುತ್ತಿದ ಹಗ್ಗವೆರಡನು..." ಕೂಗಿ ಕರೆದುಬಿಡೋಣ ಎಂದು ನಾಲಿಗೆ ತುದಿಗೆ ಬಂತು. ಕೂಗ್ಬೇಡಿ ಎಂದಿದ್ದ ಆಫ್ತಾಬ್. ಕೂಗಿದರೆ ಎದ್ದು ಬರುವುದು ಮಗಳೋ ಮತ್ತೊಂದೋ?

ಗಿರಿಜಾಂಬ ಬಾಯಿ ಮುಚ್ಚಿಕೊಂಡು ಸಾಲಿನೊಳಗೆ ಕಾಲಿಟ್ಟಳು. ಐವತ್ತೊಂದು ವರ್ಷದಲ್ಲಿ ಹೆದರಿಕೆಯ ಕಡೆಗೆ ಅವಳು ನಡೆದದ್ದು ಅದೇ ಮೊದಲು. ಪ್ರತಿ ಹೆಜ್ಜೆಗೂ ಅದುರುವುದು ಹೆಚ್ಚಾಗುತ್ತಿತ್ತು. ಒದ್ದೆ ಎಲೆ ಕೆನ್ನೆಗೆ ತಗುಲಿದರೆ ಜೀವ ಹಾರಿದಂತಾಗುತ್ತಿತ್ತು. ಎರಡು ಸಲ ಗಿಡ ಹಿಡಿದು ನಿಂತಳು. ಹಿಂದಕ್ಕೆ ಹೋಗು, ಹಿಂದಕ್ಕೆ ಹೋಗು ಎಂದು ಮೈಯೆಲ್ಲ ಹೇಳುತ್ತಿತ್ತು.

"...ಸಜ್ಜುಗೊಳಿಸಲದಾನೆ..."

ಅಲ್ಲಿಗೆ ದನಿ ನಿಂತುಹೋಯಿತು.

ಆಮೇಲೆ ನಡೆದಳೋ ತೆವಳಿದಳೋ ಗಿರಿಜಾಂಬಳಿಗೆ ನೆನಪಿಲ್ಲ. ಸಾಲು ತಿರುಗಿದಾಗ ಮಗಳ ಬೆನ್ನು ಕಂಡಿತು. ಕುಡುಗೋಲು ಕಾಲಬಳಿ ಬಿದ್ದಿತ್ತು. ಅವಳ ಮುಂದೆ ಹತ್ತು ಮಾರು ದೂರದಲ್ಲಿ ಗಿಡಗಳೆಲ್ಲ ಒರಗಿ ಬಯಲಾಗಿತ್ತು, ಆ ಬಯಲಿನ ತುಂಬ ಒಂದು ಹೆಣ್ಣಾನೆ. ನಿನ್ನೆ ಗೋಡೆಯ ಮೇಲೆ ಹಗ್ಗ ತೋರಿಸಿದ್ದು ಇದನ್ನೇ. ಅದರ ಮುಂಗಾಲುಗಳ ನಡುವೆ, ಮೈಮೇಲಿನ ಕೆಂಚು ಕೂದಲು ಇನ್ನೂ ಒದ್ದೆಯಾಗಿದ್ದ, ನಿಲ್ಲಲು ಬಾರದ ಒಂದು ಮರಿ.

ಆನೆಯ ಕಿವಿಗಳು ಅಗಲವಾಗಿ, ಅಲುಗದೆ ನಿಂತಿದ್ದವು.

ಗಿರಿಜಾಂಬ ಮಗಳ ರಟ್ಟೆ ಹಿಡಿದಳು. ರಕ್ಷಿತಾ ಚೀರಲು ತೆರೆದ ಬಾಯನ್ನು ಇನ್ನೊಂದು ಕೈಯಿಂದ ಮುಚ್ಚಿದಳು. ಆಮೇಲೆ ಮಗಳನ್ನು ಹಿಂದಕ್ಕೆ ಸರಿಸಿ ತಾನು ಮುಂದೆ ಬಂದಳು. ಧೈರ್ಯದಿಂದ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅವಳ ಸೀರೆ ಅಲ್ಲೇ ಒದ್ದೆಯಾಗಿತ್ತು, ಹಲ್ಲು ಕಟಕಟ ಎನ್ನುತ್ತಿತ್ತು. ಆನೆ ಒಂದು ಹೆಜ್ಜೆ ಮುಂದಿಟ್ಟಿತು. ಎದೆಯ ಮೂಳೆಯೊಳಗೆ ಅದು ಎಷ್ಟು ಜೋರಾಗಿ ಅದುರಿತೆಂದರೆ, ತನ್ನ ಉಸಿರು ಯಾವುದು, ಅದರ ಮಾತು ಯಾವುದು ಅವಳಿಗೆ ತಿಳಿಯಲಿಲ್ಲ. ಪಟಾಕಿಗೆ ಬೆದರಿ ಹಳ್ಳ ದಾಟಿಹೋದ ತನ್ನವರನ್ನು ಅದು ಕರೆಯುತ್ತಿತ್ತು. ಗಿರಿಜಾಂಬಳಿಗೆ ಅಷ್ಟು ಮಾತ್ರ ಅರ್ಥವಾಯಿತು.

ಹಿಂದಕ್ಕೆ ಒಂದು ಹೆಜ್ಜೆ. ನಿಂತರು. ಇನ್ನೊಂದು. ಗಿಡದ ಬೇರಿಗೆ ಹಿಮ್ಮಡಿ ಎಡವಿ ಗಿರಿಜಾಂಬ ಬೀಳಲಿದ್ದಳು, ಮಗಳು ಸೊಂಟ ಹಿಡಿದು ನಿಲ್ಲಿಸಿದಳು. ಮೂರನೆಯ ಹೆಜ್ಜೆಗೆ ಆನೆಯ ಕಿವಿ ಒಮ್ಮೆ ಬೀಸಿತು. ಸೊಂಡಿಲು ಕೆಳಗಿಳಿದು ಮರಿಯ ಬೆನ್ನು ತಡವಿತು. ತಾಯಿ ಮಗಳು ಹಾಗೇ ಹಿಂದೆ ಹಿಂದೆ ನಡೆದು, ತೋಟದ ಬೇಲಿ ಬೆನ್ನಿಗೆ ಚುಚ್ಚಿದಾಗ ಇಬ್ಬರೂ ನೆಲಕ್ಕೆ ಕೂತುಬಿಟ್ಟರು.

ಬೇಲಿಯ ಆಚೆ ಚನ್ನಬಸವಯ್ಯ, ಲಕ್ಷ್ಮಯ್ಯ, ಅರ್ಧ ಊರು. ಆಫ್ತಾಬ್ ಬೈಕಿನಿಂದ ಹಾರಿ ಬಂದವನು ವಿಷಯ ಕೇಳಿ ಸುಣ್ಣದಂತಾದ. "ಎಣಿಸಿದ್ದು ನಾನೇ ಅಮ್ಮ," ಎಂದ. "ಮಂಜಿನಾಗೆ ಒಂದನ್ನ ಎರಡು ಸಲ ಎಣಿಸ್ಬುಟ್ಟಿದೀನಿ. ಐದೇ ದಾಟಿದ್ದು." ಅವನ ಕಣ್ಣಲ್ಲಿ ನೀರು ಬಂತು. ಬೈಯಲು ಬಾಯಿ ತೆರೆದ ಚನ್ನಬಸವಯ್ಯನಿಗೆ, ಮಾತ್ರೆ ನುಂಗು ಎಂದ ತನ್ನದೇ ಮಾತು ನೆನಪಾಯಿತು.

ಆ ದಿನ ತೋಟದ ಹತ್ತಿರ ಯಾರನ್ನೂ ಬಿಡಲಿಲ್ಲ, ಒಂದು ಪಟಾಕಿಯನ್ನೂ ಹೊಡೆಯಲಿಲ್ಲ. ಹೊತ್ತು ಇಳಿಯುವಾಗ ಕಾಡಿನಿಂದ ಎರಡು ಆನೆಗಳು ಬಂದು ತಾಯಿಮರಿಯನ್ನು ನಡುವೆ ಹಾಕಿಕೊಂಡು ಹೋದವು. ಹುಳಗಳಿಗೆ ಅಕ್ಕಪಕ್ಕದವರೇ ತಮ್ಮ ತೋಟದ ಸೊಪ್ಪು ತಂದು ಹಾಕಿದರು. ರಕ್ಷಿತಾಳ ಪಾಠ ಮುಂದಿನ ವಾರ ಆಯಿತು. ಚಾರ್ಟಿನಲ್ಲಿ ಕವಿಕಲ್ಪನೆ ಎಂದಿದ್ದ ಕಡೆ ಅವಳು ಕೆಂಪು ಗೀಟು ಹಾಕಿಕೊಂಡು ಹೋಗಿದ್ದಳು. ಪರೀಕ್ಷಕರು ಯಾಕಮ್ಮ ಎಂದು ಕೇಳಿದಾಗ, "ಆ ಪಂಡಿತ ಸುಳ್ಳು ಬರ್ದಿಲ್ಲ ಸಾರ್, ನಮ್ಮಮ್ಮನ್ನ ಕೇಳಿ," ಎಂದಳಂತೆ. ಮಾರ್ಕ್ಸ್ ಎಷ್ಟು ಬಂತು ಎಂದು ನನಗೆ ಗೊತ್ತಿಲ್ಲ.

ಆನೆ ಕಂಡ ಆ ಬೆಳಿಗ್ಗೆಯೇ, ಜನರ ಗುಂಪು ಕರಗಿದ ಮೇಲೆ, ಲಕ್ಷ್ಮಯ್ಯ ಬೇಲಿಗೆ ಒರಗಿ ಗಿರಿಜಾಂಬಳನ್ನು ಕೇಳಿದ.

"ಗಿರಿಜಕ್ಕ. ನಮ್ಮ ಅತ್ತಿಗೆ ಸತ್ತ ದಿನ... ಅವತ್ತೂ ನಿಂಗೆ ಗೊತ್ತಾಗಿತ್ತಾ?"

ಸುಳ್ಳು ಹೇಳಬಹುದಿತ್ತು. ಯಾರು ನೋಡಿದ್ದಾರೆ ಅವಳ ಎದೆಯೊಳಗೆ?

"ಅದುರಿತ್ತು ಕಣಪ್ಪ," ಎಂದಳು. "ಅದೇನು ಅಂತ ಗೊತ್ತಿರ್ನಿಲ್ಲ. ಆದ್ರೂ ಓಗ್ಬ್ಯಾಡ ಅನ್ನಬೇಕು ಅನ್ನುಸ್ತು. ನೀನು ಎದ್ರುಗೆ ನಿಂತಿದ್ದೆ. ನಗ್ತೀಯ ಅಂತ ಸುಮ್ಕಾದೆ."

ಲಕ್ಷ್ಮಯ್ಯ ಟವಲಿನಿಂದ ಮುಖ ಮುಚ್ಚಿಕೊಂಡು ಮನೆಗೆ ಹೋದ. ಬಾವಿಯ ಬಿಂದಿಗೆಯ ಕಥೆಯನ್ನು ಅವನು ಆಮೇಲೆ ಯಾರಿಗೂ ಹೇಳಿದ್ದಿಲ್ಲ.

ಈಗ ದಿನಾ ಬೆಳಿಗ್ಗೆ ಹುಣಸೆದೊಡ್ಡಿಯಲ್ಲಿ ಹೊಸದೊಂದು ಪದ್ಧತಿ ನಡೆಯುತ್ತದೆ. ಗ್ರೂಪಿನಲ್ಲಿ ಮೆಸೇಜು ಬಂದರೂ ಹೆಂಗಸರು ನೇರವಾಗಿ ತೋಟಕ್ಕೆ ಹೋಗುವುದಿಲ್ಲ. ಕುಡುಗೋಲು, ಹಗ್ಗ ಹಿಡಿದು ಗಿರಿಜಾಂಬಳ ಜಗಲಿಯ ಮುಂದೆ ನಿಲ್ಲುತ್ತಾರೆ. ಹಿಂದೆ ಲಕ್ಷ್ಮಯ್ಯನೂ ತಲೆ ಬಗ್ಗಿಸಿ ನಿಂತಿರುತ್ತಾನೆ. "ಎಂಗೈತೆ ಗಿರಿಜಕ್ಕ?" ಎಂದು ಒಬ್ಬಳು ಕೇಳುತ್ತಾಳೆ. ಗಿರಿಜಾಂಬ ಕಣ್ಣು ಮುಚ್ಚಿ ಅಂಗೈಯನ್ನು ಎದೆಯ ಮೇಲಿಡುತ್ತಾಳೆ. ಯಾರೂ ನಗುವುದಿಲ್ಲ.

ಎದೆ ಅದುರಿದ ದಿನ ಕಷ್ಟವಿಲ್ಲ. "ಬ್ಯಾಡ, ತಡೀರಿ," ಎಂದರೆ ಎಲ್ಲರೂ ಹಿಂದಿರುಗುತ್ತಾರೆ, ಅವಳೂ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ. ಅವಳ ಜೀವ ಹಿಂಡುವುದು ಅದುರದ ದಿನ. ಸುಮ್ನೆ ನಿಂತಿದ್ರೆ ಏನ್ ಗೊತ್ತಾಯ್ತದೆ ಎಂದಿದ್ದ ಆಫ್ತಾಬ್. ಎದೆ ಸುಮ್ಮನಿದೆ ಎಂದರೆ ಆನೆ ಇಲ್ಲವೆಂದೋ, ಆನೆ ಸುಮ್ಮನೆ ನಿಂತಿದೆ ಎಂದೋ? ಪದ್ಯವನ್ನು ಅವಳು ಮನಸ್ಸಿನಲ್ಲೇ ಮೊದಲಿನಿಂದ ಕೊನೆಯವರೆಗೆ ಹೇಳಿಕೊಂಡು ನೋಡಿದ್ದಾಳೆ. ಅದರಲ್ಲಿ ಉತ್ತರವಿಲ್ಲ. ಎದುರಿಗೆ ಹನ್ನೆರಡು ಜನ ಹೆಂಗಸರು ಅವಳ ಬಾಯಿ ನೋಡುತ್ತಾ ನಿಂತಿರುತ್ತಾರೆ, ಒಬ್ಬೊಬ್ಬಳ ಮುಖವೂ ದೊಡ್ಡಲಕ್ಷ್ಮಮ್ಮನ ಮುಖದಂತೆಯೇ ಕಾಣುತ್ತದೆ.

"ಏನಿಲ್ಲ, ನಡೀರಿ," ಎನ್ನುತ್ತಾಳೆ ಗಿರಿಜಾಂಬ ಕೊನೆಗೆ.

ಅಂದವಳು ತಾನೇ ಮೊದಲು ಜಗಲಿ ಇಳಿದು, ಎಲ್ಲರಿಗಿಂತ ಹತ್ತು ಹೆಜ್ಜೆ ಮುಂದೆ, ಒಬ್ಬಳೇ ಸೊಪ್ಪಿನ ಸಾಲಿನೊಳಗೆ ಹೋಗುತ್ತಾಳೆ.